‘ಒತ್ತಿ’ ಎಂದರೆ ಒತ್ತಬೇಕು: ಪ್ರಥಮ ಚಿಕಿತ್ಸೆ ಕಲಿಸುವ ಕನ್ನಡ ಆ್ಯಪ್ ಕಟ್ಟುವ ಬಗೆ

ಕನ್ನಡದಲ್ಲಿ ‘ಇಪ್ಪತ್ತೊಂಬತ್ತು’ ಎನ್ನಲು ಎಷ್ಟು ಹೊತ್ತು ಬೇಕು? ಛಂದಸ್ಸಿನ ಲೆಕ್ಕ ಹಿಡಿದರೆ ನಾಲ್ಕು ಗುರು, ಒಂದು ಲಘು, ಒಟ್ಟು ಒಂಬತ್ತು ಮಾತ್ರೆ. ಹೃದಯ ನಿಂತವರ ಎದೆ ಒತ್ತುವಾಗ ಅಷ್ಟು ಪುರುಸೊತ್ತು ಇರುವುದಿಲ್ಲ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ನಡುವಿನ 110 ಹಿಡಿದರೆ ಒಂದು ಒತ್ತಿಗೆ ಸಿಗುವುದು 545 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ. ಇಂಗ್ಲಿಷ್ ಆ್ಯಪ್ ಒಂದನ್ನು ಕನ್ನಡಕ್ಕೆ ಇಳಿಸಿ ‘ಮೂವತ್ತರವರೆಗೆ ಜೋರಾಗಿ ಎಣಿಸಿ’ ಎಂದು ಬರೆದರೆ, ಹತ್ತರವರೆಗೆ ಸರಿಯಾಗಿ ಹೋದ ಕೈ ಹನ್ನೊಂದರಿಂದ ಎಳೆಯತೊಡಗುತ್ತದೆ. ಇಪ್ಪತ್ತು ದಾಟಿದ ಮೇಲೆ ನಾಲಿಗೆಗೂ ಕೈಗೂ ತಾಳವೇ ಕೂಡುವುದಿಲ್ಲ.

ಪರಿಹಾರ ನಮ್ಮ ಬಾಯಲ್ಲೇ ಇದೆ. ‘ಒಂದ್, ಎರಡ್, ಮೂರ್, ನಾಕ್, ಐದ್, ಆರ್, ಏಳ್, ಎಂಟ್, ಒಂಬತ್, ಹತ್.’ ಹೀಗೆ ಹತ್ತರ ಎಣಿಕೆ ಮೂರು ಸಲ ಆದರೆ ಮೂವತ್ತು. ಹತ್ತರ ಎಣಿಕೆ ಇಪ್ಪತ್ತೆರಡು ಸಲ ಆದರೆ ಎರಡು ನಿಮಿಷ, ಒತ್ತುವವರು ಬದಲಾಗುವ ಹೊತ್ತು.

ಪ್ರಥಮ ಚಿಕಿತ್ಸೆಯ ಆ್ಯಪ್ ಕಟ್ಟುವುದರಲ್ಲಿ ಕಷ್ಟ ಇರುವುದು ಇಂಥ ಜಾಗಗಳಲ್ಲಿ. ಏನು ಮಾಡಬೇಕು ಎಂಬ ವೈದ್ಯಕೀಯ ತಿಳಿವಳಿಕೆ ಬಹುಪಾಲು ಇತ್ಯರ್ಥವಾಗಿದೆ. ಅದನ್ನು ಗಾಬರಿಬಿದ್ದ ಮನುಷ್ಯನ ಕಿವಿಗೆ, ಅಲ್ಲಿಂದ ಕೈಗೆ ಹೇಗೆ ಇಳಿಸುವುದು ಎಂಬುದನ್ನು ಪ್ರತಿ ಭಾಷೆಯೂ ತನ್ನೊಳಗಿಂದಲೇ ಕಂಡುಕೊಳ್ಳಬೇಕು. ಹಾಗಾಗಿ ಆ್ಯಪ್‌ನ ಮಾತನ್ನು ಮೊದಲು ಕನ್ನಡದಲ್ಲಿ, ಅದೂ ಕಿವಿಗಾಗಿ ಬರೆಯಬೇಕು. ತೆರೆಯ ಚಿತ್ರ, ಬಣ್ಣ, ಐಕಾನ್ ಎಲ್ಲ ಅದರ ಹಿಂದೆ ಬರಲಿ.

ಒಂದೇ ಐಕಾನ್, ಒಳಗೆ ಎರಡು ಆ್ಯಪ್

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸೋಫಾದಲ್ಲಿ ಕೂತು ಆ್ಯಪ್ ತೆರೆಯುವವರು ಬೇರೆ. ಮಗುವಿನ ಗಂಟಲಲ್ಲಿ ಕಡಲೆಕಾಯಿ ಬೀಜ ಸಿಕ್ಕಿಕೊಂಡಾಗ ತೆರೆಯುವವರು ಬೇರೆ, ಅವರಿಬ್ಬರೂ ಒಬ್ಬರೇ ಆಗಿದ್ದರೂ ಸಹ. ಮೊದಲನೆಯವರಿಗೆ ಐದು ನಿಮಿಷ ಇದೆ, ತಪ್ಪು ಮಾಡಿ ಕಲಿಯುವ ಅವಕಾಶವೂ ಇದೆ. ಎರಡನೆಯವರಿಗೆ ಒಂದು ವಾಕ್ಯವನ್ನು ಪೂರ್ತಿ ಓದುವ ತಾಳ್ಮೆಯೂ ಇರುವುದಿಲ್ಲ. ಇಬ್ಬರಿಗೂ ಒಂದೇ ತೆರೆ ಕೊಟ್ಟರೆ ಇಬ್ಬರಿಗೂ ಕೆಲಸಕ್ಕೆ ಬಾರದು. ‘ಕಲಿಕೆ’ ಮತ್ತು ‘ತುರ್ತು’ ಎಂದು ಮೊದಲ ತೆರೆಯಲ್ಲೇ ಎರಡು ಭಾಗ ಮಾಡಿ. ತುರ್ತು ಭಾಗಕ್ಕೆ ಲಾಗಿನ್ ಬೇಡ, ಒಟಿಪಿ ಬೇಡ, ‘ಅನುಮತಿ ಕೊಡಿ’ ಎಂಬ ಪೆಟ್ಟಿಗೆ ಬೇಡ, ಇಂಟರ್ನೆಟ್ಟೂ ಬೇಡ. ಸ್ಥಳದ ಅನುಮತಿ ಬೇಕಿದ್ದರೆ ಅದನ್ನು ಕಲಿಕೆಯ ಮೊದಲ ದಿನವೇ, ಯಾಕೆ ಬೇಕೆಂದು ಹೇಳಿ ಕೇಳಿಟ್ಟುಕೊಳ್ಳಿ.

ಆದರೂ ತುರ್ತು ಭಾಗದ ಮೇಲೆ ಭರವಸೆ ಕಡಿಮೆ ಇರಲಿ. ಹೃದಯ ನಿಂತ ಮೇಲೆ ನಾಲ್ಕೈದು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಅಷ್ಟರಲ್ಲಿ ಫೋನ್ ತೆಗೆದು, ಆ್ಯಪ್ ಹುಡುಕಿ, ಓದಿ, ಅರ್ಥ ಮಾಡಿಕೊಂಡು ಒತ್ತುವುದು ದೂರದ ಮಾತು. ಜೀವ ಉಳಿಸುವುದು ಹೆಚ್ಚಾಗಿ ಕಲಿಕೆಯ ಭಾಗ. ತುರ್ತು ಭಾಗ ಮರೆತದ್ದನ್ನು ನೆನಪಿಸಬಹುದು, ತಾಳ ಹಿಡಿಯಬಹುದು, ಗಡಿಯಾರ ನೋಡಬಹುದು, ವಿಳಾಸ ಹೇಳಿಕೊಡಬಹುದು. ಇನ್ನೂ ಹೆಚ್ಚಿನದನ್ನು ಅದರ ಮೇಲೆ ಹೊರಿಸಿದ ಆ್ಯಪ್‌ಗಳೇ ಸೋಲುವುದು.

ಏನು ಇರಬೇಕು, ಏನು ಇರಬಾರದು

ಅರವತ್ತು ವಿಷಯಗಳ ಪಟ್ಟಿ ಮಾಡುವುದು ಸುಲಭ, ಅದರಲ್ಲಿ ಐವತ್ತನ್ನು ಹೊಡೆದುಹಾಕುವುದು ಕಷ್ಟ. ಬೆಂಗಳೂರಿನ ಒಂದು ಮನೆ, ಒಂದು ಅಂಗಡಿ, ಒಂದು ರಸ್ತೆ ಕಣ್ಣ ಮುಂದಿಟ್ಟುಕೊಂಡರೆ ಹತ್ತು ಸಾಕು: ಎದೆ ಒತ್ತುವುದು, ಗಂಟಲಲ್ಲಿ ಸಿಕ್ಕಿಕೊಂಡದ್ದು, ರಕ್ತ ಸೋರುವುದು, ಸುಟ್ಟ ಗಾಯ, ಫಿಟ್ಸ್, ಲಕ್ವ, ಎದೆನೋವು, ನಾಯಿ ಕಡಿತ, ಹಾವು ಕಡಿತ, ಕರೆಂಟ್ ಶಾಕ್. ನೆಗಡಿ, ತಲೆನೋವು, ‘ಆರೋಗ್ಯಕರ ಆಹಾರ’ ಇವು ಬೇರೆ ಆ್ಯಪ್‌ಗಳ ಪಾಡು.

ಪ್ರತಿ ವಿಷಯದಲ್ಲೂ ಜನ ಈಗ ಮಾಡುತ್ತಿರುವ ತಪ್ಪನ್ನು ಎದುರಿಗಿಟ್ಟುಕೊಂಡೇ ಪಾಠ ಬರೆಯಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ತುಪ್ಪ. ಕೊಯ್ದ ಗಾಯಕ್ಕೆ ಕಾಫಿ ಪುಡಿ, ಅರಿಶಿನ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ, ಹಲ್ಲಿನ ನಡುವೆ ಚಮಚ. ನಾಯಿ ಕಚ್ಚಿದ ಜಾಗಕ್ಕೆ ಸುಣ್ಣ, ಖಾರದ ಪುಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು. ಕೊನೆಯದಂತೂ ನಮ್ಮ ರಸ್ತೆಗಳಲ್ಲಿ ಎಲ್ಲಕ್ಕಿಂತ ಮೊದಲು ನಡೆಯುವ ‘ಉಪಚಾರ’. ಕರುಣೆಯಿಂದ ಸುರಿದ ಅದೇ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಇವನ್ನು ಮೂಢನಂಬಿಕೆ ಎಂದು ಹೀಯಾಳಿಸಿದರೆ ಜನ ಆ್ಯಪನ್ನೇ ತೆಗೆದುಹಾಕುತ್ತಾರೆ. ಫಿಟ್ಸ್ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಆ ಹೊತ್ತಿಗೆ ಕೈಯಲ್ಲಿ ಬೀಗದ ಕೈ ಇದ್ದರೆ ಅದಕ್ಕೆ ಕೀರ್ತಿ ಹೋಗುತ್ತದೆ ಎಂದು ಬಿಡಿಸಿ ಹೇಳಿದರೆ ಒಪ್ಪುತ್ತಾರೆ. ಮಾಡಬೇಕಾದದ್ದು ಇಷ್ಟು: ಸುತ್ತಲಿನ ಗಟ್ಟಿ ವಸ್ತು ಸರಿಸುವುದು, ತಲೆಯಡಿಗೆ ಮೆತ್ತಗಿನದೊಂದು ಇಡುವುದು, ನಡುಕ ನಿಂತ ಮೇಲೆ ಮಗ್ಗುಲಿಗೆ ಹೊರಳಿಸುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ 108.

ಗಡಿಯಾರದ ಮಾತು ಬಂತು. ಆ್ಯಪ್ ಒಂದು ಪುಸ್ತಕಕ್ಕಿಂತ ಮೇಲಾಗುವುದು ಇಲ್ಲಿಯೇ. ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ನಾಯಿ ಕಚ್ಚಿದ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆಯಬೇಕು. ರಕ್ತ ಸೋರುವ ಗಾಯವನ್ನು 10 ನಿಮಿಷ, ಬಟ್ಟೆ ಎತ್ತಿ ಇಣುಕದೆ ಒತ್ತಿ ಹಿಡಿಯಬೇಕು. ಗಡಿಯಾರ ಇಲ್ಲದಿದ್ದರೆ ಎರಡು ನಿಮಿಷಕ್ಕೇ ‘ಆಯ್ತು ಬಿಡಿ’ ಅನ್ನುತ್ತಾರೆ. ಆದ್ದರಿಂದ ತೆರೆಯ ತುಂಬ ಒಂದೇ ಒಂದು ಇಳಿಯುವ ಗಡಿಯಾರ, ಎರಡು ನಿಮಿಷಕ್ಕೊಮ್ಮೆ ‘ಇನ್ನೂ ಇದೆ, ನೀರಿನಲ್ಲೇ ಇರಲಿ’ ಎಂಬ ದನಿ.

ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ‘20 ನಿಮಿಷ ನಲ್ಲಿ ಬಿಡಿ’ ಎಂದರೆ ಯಾರೂ ಕೇಳುವುದಿಲ್ಲ. ಲೆಕ್ಕ ಹೇಳಿದರೆ ಕೇಳುತ್ತಾರೆ. ತೆಳು ಧಾರೆಗೆ ನಿಮಿಷಕ್ಕೆ 2 ಲೀಟರ್ ಎಂದಿಟ್ಟರೆ 20 ನಿಮಿಷಕ್ಕೆ 40 ಲೀಟರ್, ಅಂದರೆ ಎರಡು ಬಕೆಟ್. ನಲ್ಲಿ ಒಣಗಿದ್ದರೆ ಚೊಂಬಿನಿಂದ ನಿಧಾನವಾಗಿ ಹೊಯ್ಯುತ್ತಾ ಇದ್ದರೂ ಆಗುತ್ತದೆ. ಐಸ್ ಮಾತ್ರ ಬೇಡ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಪೆಟ್ಟು. ಬಳೆ, ಉಂಗುರ, ವಾಚ್ ಊತ ಬರುವ ಮುಂಚೆ ತೆಗೆಯಬೇಕು. ತಡವಾಗಿ ನೆನಪಾದರೂ ಚಿಂತೆಯಿಲ್ಲ, ಸುಟ್ಟ ಮೂರು ಗಂಟೆಯೊಳಗೆ ನೀರು ಹಾಕಿದರೂ ಉಪಯೋಗ ಇದೆ.

ಇರಬಾರದ ಒಂದು ಸವಲತ್ತಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಹಾವಿನ ಫೋಟೊ ತೆಗೆದರೆ ಅದು ಯಾವ ಹಾವೆಂದು ಎಐ ಹೇಳುತ್ತದೆ ಎಂಬ ಐಡಿಯಾ ಪ್ರತಿ ತಂಡದಲ್ಲೂ ಯಾರಿಗಾದರೂ ಹೊಳೆಯುತ್ತದೆ. ಕೇಳಲು ಚಂದ. ಆದರೆ ಭಾರತದಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ. ಚಿಕಿತ್ಸೆ ಶುರು ಮಾಡಲು ಹಾವಿನ ಹೆಸರು ಬೇಕಾಗಿಲ್ಲ. ಫೋಟೊ ಬೇಕೆಂದು ಹೇಳಿದ ಕೂಡಲೇ ಒಬ್ಬ ಪೊದೆಯೊಳಗೆ ಕೈ ಹಾಕುತ್ತಾನೆ, ಎರಡನೇ ಕಡಿತ ಅಲ್ಲಿ ಕಾದಿರುತ್ತದೆ. ಎಐ ‘ವಿಷವಿಲ್ಲದ ಹಾವು’ ಎಂದು ತಪ್ಪಾಗಿ ಹೇಳಿಬಿಟ್ಟರಂತೂ ಮುಗಿಯಿತು. ಕನಕಪುರ ರಸ್ತೆ, ಬನ್ನೇರುಘಟ್ಟ, ಯಲಹಂಕದ ಕಡೆ ಹೊಸ ಬಡಾವಣೆಗಳು ಹೊಲಗಳ ಒಳಗೇ ಎದ್ದಿವೆ, ಹಾಗಾಗಿ ಹಾವಿನ ಪಾಠ ಬೇಕೇ ಬೇಕು. ಆದರೆ ಅದು ಚಿಕ್ಕದಿರಲಿ: ಬಿಗಿಯಾಗಿ ಕಟ್ಟುವುದು ಬೇಡ, ಕೊಯ್ಯುವುದು ಬೇಡ, ಹೀರುವುದು ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಕಟ್ಟುವಂತೆ ಪಟ್ಟಿಯಿಟ್ಟು ಅಲುಗಾಡದಂತೆ ಮಾಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಊತವೂ ಇಲ್ಲ. ‘ಏನೂ ಆಗಿಲ್ಲ’ ಎಂದು ಬೆಳಗಿನ ತನಕ ಕಾಯುವುದೇ ದೊಡ್ಡ ತಪ್ಪು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು.

ಕ್ರಿಯಾಪದ ಕೊನೆಗೆ ಬರುವ ಭಾಷೆಯ ತೊಡಕು

‘ಗಾಯದ ಮೇಲ್ಭಾಗಕ್ಕೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ.’ ವ್ಯಾಕರಣ ಸರಿ, ಅರ್ಥ ಸರಿ. ಈಗ ಇದನ್ನು ಫೋನಿನ ಸ್ಪೀಕರ್‌ನಲ್ಲಿ, ಸುತ್ತ ಹತ್ತು ಜನ ಕೂಗಾಡುತ್ತಿರುವಾಗ ಕೇಳಿಸಿಕೊಳ್ಳಿ. ಕೊನೆಯ ಎರಡು ಅಕ್ಷರ ಗಲಾಟೆಯಲ್ಲಿ ಮುಳುಗಿದರೆ ಉಳಿಯುವುದು ‘ಹಗ್ಗದಿಂದ ಬಿಗಿಯಾಗಿ ಕಟ್ಟ…’. ಕೇಳಿದವರು ಹಗ್ಗ ಹುಡುಕಲು ಓಡುತ್ತಾರೆ. ಕನ್ನಡದಲ್ಲಿ ಬೇಡ ಎನ್ನುವುದು ವಾಕ್ಯದ ಬಾಲದಲ್ಲಿ ಇರುವುದರಿಂದ ಈ ಅಪಾಯ. ತಪ್ಪಿಸಲು ಎರಡು ದಾರಿ. ಒಂದು, ‘ಬೇಡ’ವನ್ನು ಮುಂದಕ್ಕೆ ತರುವುದು: ‘ಬೇಡ! ಹಗ್ಗ ಬೇಡ. ಕಟ್ಟಬೇಡಿ.’ ಇನ್ನೊಂದು, ತುರ್ತು ಭಾಗದಲ್ಲಿ ಮಾಡಬಾರದ್ದನ್ನು ಆದಷ್ಟು ಹೇಳದೇ ಇರುವುದು. ‘ಕಾಲು ಅಲುಗಾಡದಂತೆ ಹಿಡಿಯಿರಿ’ ಎಂದರೆ ಕೈಗೆ ಕೆಲಸ ಸಿಕ್ಕಿತು, ಹಗ್ಗದ ನೆನಪೇ ಬರುವುದಿಲ್ಲ. ಬೇಡಗಳ ಪಟ್ಟಿ ಕಲಿಕೆಯ ಭಾಗದಲ್ಲಿರಲಿ.

ಇನ್ನೊಂದು ತೊಡಕು ‘ಒತ್ತಿ’ ಎಂಬ ಪದದಲ್ಲೇ ಕೂತಿದೆ. ‘ಒತ್ತಿ’ ಎಂದರೆ ನೀವು ಒತ್ತಿರಿ ಎಂದೂ ಆಗುತ್ತದೆ, ಒತ್ತಿದ ಮೇಲೆ ಎಂದೂ ಆಗುತ್ತದೆ. ‘ಮಲಗಿಸಿ, ಎತ್ತಿ, ತಿರುಗಿಸಿ’ ಎಲ್ಲದರ ಹಣೆಬರಹವೂ ಸುಮಾರಾಗಿ ಇದೇ. ‘ನೆಲದ ಮೇಲೆ ಅಂಗಾತ ಮಲಗಿಸಿ ಎದೆಯ ಮಧ್ಯ ಅಂಗೈ ಇಟ್ಟು ಒತ್ತಿ ಪೂರ್ತಿ ಬಿಡಿ’ ಎಂಬ ಸಾಲು ಕೇಳುವವರಿಗೆ ಕೊನೆಯ ‘ಬಿಡಿ’ ಒಂದೇ ಆಜ್ಞೆಯಂತೆ ಕೇಳಿಸಬಹುದು. ಆದ್ದರಿಂದ ಒಂದು ಸಾಲಿಗೆ ಒಂದೇ ಕ್ರಿಯೆ, ನಡುವೆ ಒಂದು ಸೆಕೆಂಡ್ ಮೌನ. ದೊಡ್ಡವರ ಎದೆ ಒತ್ತುವ ಧ್ವನಿಪಾಠ ಹೀಗಿದ್ದರೆ ನಡೆಯುತ್ತದೆ:

ಭುಜ ತಟ್ಟಿ.
ಜೋರಾಗಿ ಕರೆಯಿರಿ: ‘ಸಾರ್!’ ‘ಅಮ್ಮಾ!’
ಉತ್ತರ ಇಲ್ಲವೇ? ಪಕ್ಕದವರಿಗೆ ಬೆರಳು ತೋರಿಸಿ ಹೇಳಿ: ‘ನೀವು, 108ಕ್ಕೆ ಫೋನ್ ಮಾಡಿ.’
ಎದೆ ನೋಡಿ. ಹತ್ತು ಎಣಿಸುವಷ್ಟು ಹೊತ್ತು ಮಾತ್ರ.
ಉಸಿರಾಟ ಸರಿಯಿಲ್ಲವೇ? ಮಂಡಿಯೂರಿ.
ಅಂಗೈ ಎದೆಯ ಮಧ್ಯ ಇಡಿ. ಅದರ ಮೇಲೆ ಇನ್ನೊಂದು ಕೈ.
ಮೊಣಕೈ ನೆಟ್ಟಗೆ ಇರಲಿ.
ಒತ್ತಿ. ಬಿಡಿ. ಒತ್ತಿ. ಬಿಡಿ.

ಇದರಲ್ಲಿ ‘ಉಸಿರಾಟ ಸರಿಯಿಲ್ಲವೇ’ ಎಂಬ ಸಾಲು ತುಂಬ ಯೋಚಿಸಿ ಬರೆದದ್ದು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಾರೆ, ಗೊರಕೆಯಂಥ ಸದ್ದು ಬರುತ್ತದೆ. ನೋಡುವವರು ‘ಉಸಿರಾಡ್ತಾ ಇದ್ದಾರೆ’ ಎಂದು ಸುಮ್ಮನಾಗುತ್ತಾರೆ. ಅದು ಉಸಿರಾಟವಲ್ಲ. ಅಕ್ಷರದಲ್ಲಿ ಇದನ್ನು ಕಲಿಸಲು ಆಗುವುದಿಲ್ಲ. ಸಹಜ ನಿದ್ದೆಯ ಉಸಿರು ಮತ್ತು ಈ ಏದುಸಿರು, ಎರಡರ ಹತ್ತು ಹತ್ತು ಸೆಕೆಂಡಿನ ಧ್ವನಿ ಕೇಳಿಸಿ ‘ಯಾವುದಕ್ಕೆ ಒತ್ತುತ್ತೀರಿ?’ ಎಂದು ಕೇಳಬೇಕು. ಇಡೀ ಆ್ಯಪ್‌ನಲ್ಲಿ ಒಂದೇ ಪಾಠ ಉಳಿಸಿಕೊಳ್ಳಬೇಕೆಂದರೆ ಈ ಇಪ್ಪತ್ತು ಸೆಕೆಂಡನ್ನು ಉಳಿಸಿಕೊಳ್ಳಿ.

ಪದಗಳ ಮೊದಲ ಅಕ್ಷರ ಜೋಡಿಸಿ ನೆನಪಿಗೆ ಮಾಡಿಕೊಂಡ ಇಂಗ್ಲಿಷಿನ ಸೂತ್ರಾಕ್ಷರಗಳು ಅನುವಾದಕ್ಕೆ ಒಗ್ಗುವುದಿಲ್ಲ. ಲಕ್ವದ ಲಕ್ಷಣಗಳಿಗೆ ‘ಮುಖ, ಕೈ, ಮಾತು, ಹೊತ್ತು’ ಎಂಬ ನಾಲ್ಕು ಪದ ಸಾಕು: ಮುಖ ಸೊಟ್ಟಗಾಗಿದೆಯೇ, ಕೈ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ, ಶುರುವಾದ ಹೊತ್ತು ಯಾವುದು. ಕೊನೆಯದು ಬಿಟ್ಟುಹೋಗಬಾರದು. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಹುಡುಕಾಟದ ಪೆಟ್ಟಿಗೆಯಲ್ಲಿ ಜನ ‘ಹೃದಯಾಘಾತ’ ಎಂದು ಟೈಪ್ ಮಾಡುವುದಿಲ್ಲ, ‘ಗ್ಯಾಸ್’ ಎಂದು ಮಾಡುತ್ತಾರೆ. ಎದೆ ಉರಿ, ಎದೆ ಹಿಡ್ಕೊಂಡಿದೆ, ಗ್ಯಾಸ್ಟ್ರಿಕ್, ಎಡಗೈ ಸೆಳೆತ ಇವೆಲ್ಲವೂ ಎದೆನೋವಿನ ಒಂದೇ ಪುಟಕ್ಕೆ ಹೋಗಬೇಕು. ಆ ಪುಟ ‘ಇದು ಗ್ಯಾಸೋ ಹಾರ್ಟೋ’ ಎಂದು ತೀರ್ಮಾನ ಕೊಡಬಾರದು. ಕೂರಿಸಿ, ನಡೆಸಬೇಡಿ, ಇಸಿಜಿ ಇರುವ ಕಡೆಗೆ ಹೋಗಿ, ಅಷ್ಟೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. ಆದರೆ ಹಾರ್ಟ್ ಅಟ್ಯಾಕ್ ಆದವರಿಗೆ ಎಚ್ಚರ ಇರಬಹುದು, ಅವರ ಎದೆ ಒತ್ತಬಾರದು. ಹೃದಯವೇ ನಿಂತವರಿಗೆ ಎಚ್ಚರ ಇರುವುದಿಲ್ಲ, ಅವರ ಎದೆ ಒತ್ತಲೇಬೇಕು. ಈ ವ್ಯತ್ಯಾಸ ಇನ್ನೂ ಎಲ್ಲರಿಗೂ ತಿಳಿದಿಲ್ಲ.

ಹುಡುಕಾಟದ ಕೋಡ್ ಬರೆಯುವವರಿಗೆ ಒಂದು ಮಾತು. ‘ಹಾವು, ಹಾವಿನ, ಹಾವಿಗೆ’ ಎಂದು ಪದದ ಬಾಲ ಬದಲಾಗುತ್ತದೆ, ಹಾಗಾಗಿ ‘ಹಾವ’, ‘ಹಾವಿ’, ‘ಹಾವು’ ಯಾವುದರಿಂದ ಶುರುವಾದರೂ ಸಿಗಬೇಕು. ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ, ದೀರ್ಘಕ್ಕೆ ಒಬ್ಬರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ವಿಷಯ ಹತ್ತೇ ಇರುವುದರಿಂದ ಒಂದೊಂದಕ್ಕೆ ಐವತ್ತು ಅರವತ್ತು ರೂಪಗಳನ್ನು ಕೈಯಾರೆ ಬರೆದಿಟ್ಟುಕೊಳ್ಳುವುದೇ ವಾಸಿ.

ಫೋನ್ ಅಳೆಯಬಲ್ಲದ್ದು, ಅಳೆಯಲಾರದ್ದು

ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲೂ ವೇಗೋತ್ಕರ್ಷ ಅಳೆಯುವ ಸೆನ್ಸರ್ ಇದೆ. ಫೋನನ್ನು ಎರಡು ಅಂಗೈಗಳ ನಡುವೆ ಹಿಡಿದು ಗಟ್ಟಿ ದಿಂಬನ್ನು ಒತ್ತಿದರೆ ಒತ್ತುವ ವೇಗ ಸಲೀಸಾಗಿ ಸಿಗುತ್ತದೆ. ಸೆಕೆಂಡಿಗೆ 50ರಿಂದ 100 ಸಲ ಓದಿ, ನಾಲ್ಕು ಸೆಕೆಂಡಿನ ತುಣುಕಿನಲ್ಲಿ ಅಲೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ನೋಡಿದರಾಯಿತು. ಒಂದು ಎಚ್ಚರಿಕೆ: ದಿಂಬು ಪುಟಿದೇಳುವಾಗ ಇನ್ನೊಂದು ಚಿಕ್ಕ ಅಲೆ ಏಳುತ್ತದೆ, ಆ್ಯಪ್ ಅದನ್ನೂ ಎಣಿಸಿ 110ರ ಬದಲು 220 ಎನ್ನುತ್ತದೆ. ಹುಡುಕುವ ಅವಧಿಯನ್ನು 0.4ರಿಂದ 0.8 ಸೆಕೆಂಡಿಗೆ, ಅಂದರೆ ನಿಮಿಷಕ್ಕೆ 75ರಿಂದ 150 ಒತ್ತಿಗೆ, ಕಟ್ಟಿಹಾಕಿದರೆ ಈ ಕಾಟ ಇರುವುದಿಲ್ಲ. ಅಭ್ಯಾಸದ ವೇಳೆ ತೆರೆಯ ಸ್ಪರ್ಶವನ್ನು ಬಂದ್ ಮಾಡಿ, ಇಲ್ಲದಿದ್ದರೆ ಅಂಗೈಯೇ ಗುಂಡಿ ಒತ್ತಿ ಪಾಠದಿಂದ ಹೊರಗೆ ಬಂದಿರುತ್ತದೆ.

ಆಳದ ಕತೆ ಬೇರೆ. ದೊಡ್ಡವರ ಎದೆ 5 ಸೆಂಟಿಮೀಟರ್ ಇಳಿಯಬೇಕು, 6 ದಾಟಬಾರದು. ವೇಗೋತ್ಕರ್ಷದಿಂದ ದೂರ ತೆಗೆಯಲು ಎರಡು ಸಲ ಸಮಾಕಲನ (ಇಂಟಿಗ್ರೇಶನ್) ಮಾಡಬೇಕು, ಆಗ ಸಣ್ಣ ದೋಷವೂ ಕಾಲದ ವರ್ಗಕ್ಕೆ ತಕ್ಕಂತೆ ಹಿಗ್ಗುತ್ತದೆ. ಸೆನ್ಸರ್ ಬರೀ 0.05 ಮೀಟರ್ ಪ್ರತಿ ಸೆಕೆಂಡ್ ವರ್ಗದಷ್ಟು ತಪ್ಪು ತೋರಿಸಿದರೂ ಐದು ಸೆಕೆಂಡಿನಲ್ಲಿ ಲೆಕ್ಕ 62 ಸೆಂಟಿಮೀಟರ್ ಆಚೆ ಹೋಗುತ್ತದೆ. ಪ್ರತಿ ಒತ್ತಿಗೆ ಸೊನ್ನೆಯಿಂದ ಶುರು ಮಾಡಿ ಸರಿಪಡಿಸಬಹುದು. ಆದರೂ ದಿಂಬಿನ ಕೆಳಗಿನ ಹಾಸಿಗೆ ಕುಸಿದದ್ದನ್ನೂ ಅದು ಎದೆಯ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ‘ನಿಮ್ಮ ಆಳ ಸರಿಯಿದೆ’ ಎಂದು ಹಸಿರು ಟಿಕ್ ತೋರಿಸುವುದು ಸುಳ್ಳು ಧೈರ್ಯ ಕೊಟ್ಟಂತೆ. ವೇಗ, ಭಂಗಿ ಇವುಗಳನ್ನು ಆ್ಯಪ್ ಕಲಿಸಲಿ. ಆಳ ಮತ್ತು ಪೂರ್ತಿ ಬಿಡುವುದನ್ನು ಬೊಂಬೆಯ ಮೇಲೆ ಒಂದು ಸಲ ಕಲಿಯಲೇಬೇಕು ಎಂದು ಆ್ಯಪ್ ಒಪ್ಪಿಕೊಳ್ಳಲಿ.

ತಿದ್ದುವ ದನಿ ಪ್ರತಿ ಒತ್ತಿಗೂ ಬಂದರೆ ಕಲಿಯುವವರು ಗೊಂದಲಗೊಳ್ಳುತ್ತಾರೆ. ಹತ್ತು ಒತ್ತಿಗೊಮ್ಮೆ ‘ಸ್ವಲ್ಪ ಬೇಗ’ ಅಥವಾ ‘ಸ್ವಲ್ಪ ನಿಧಾನ’ ಸಾಕು. ಸರಿಯಿದ್ದರೆ ಸುಮ್ಮನಿರಿ.

ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಈ ಆ್ಯಪ್ ಸಾಮಾನ್ಯರಿಗೆ ಕಲಿಸಬೇಕೇ? ತರಬೇತಿ ಇಲ್ಲದವರು ನಿಲ್ಲಿಸದೆ ಒತ್ತುವುದಷ್ಟನ್ನೇ ಮಾಡಲಿ ಎಂಬುದು ಭಾರತೀಯ ಪುನಶ್ಚೇತನ ಮಂಡಳಿ ಜನಸಾಮಾನ್ಯರಿಗೆ ರೂಪಿಸಿದ ಕ್ರಮದ ತಿರುಳು. ಅದನ್ನೇ ಹಿಡಿಯಿರಿ. ನೀರಿಗೆ ಬಿದ್ದವರಿಗೂ ಮಕ್ಕಳಿಗೂ ಉಸಿರು ಬೇಕಾಗುತ್ತದೆ, 30 ಒತ್ತಿಗೆ 2 ಉಸಿರಿನ ಆ ಪಾಠ ಮುಂದಿನ ಹಂತದಲ್ಲಿರಲಿ. ಅಂದಹಾಗೆ ಎದೆ ಒತ್ತುವ ಚಿತ್ರಗಳಲ್ಲಿ ಯಾವಾಗಲೂ ಶರ್ಟು ಹಾಕಿದ ಗಂಡಸೇ ಏಕೆ ಇರಬೇಕು? ಸೀರೆಯುಟ್ಟ, ತಾಳಿ ಹಾಕಿಕೊಂಡ ಹೆಂಗಸಿನ ಚಿತ್ರವೂ ಇರಲಿ. ಮುಟ್ಟಲು ಹಿಂಜರಿದು ನಿಲ್ಲುವುದು ಅಲ್ಲಿಯೇ.

ಪುಟ್ಟ ಕಂದಮ್ಮಗಳ ಗಂಟಲಲ್ಲಿ ಸಿಕ್ಕಿಕೊಂಡಾಗಿನ ಕ್ರಮವನ್ನು ದೊಡ್ಡವರದರ ಜೊತೆ ಬೆರೆಸಬೇಡಿ. ವರ್ಷ ತುಂಬದ ಮಗುವನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ 5 ಪೆಟ್ಟು, ಆಮೇಲೆ ಅಂಗಾತ ಮಾಡಿ ಎದೆಗೆ 5 ಒತ್ತು. ಹೊಟ್ಟೆ ಒತ್ತುವುದು ದೊಡ್ಡವರಿಗೂ ದೊಡ್ಡ ಮಕ್ಕಳಿಗೂ ಮಾತ್ರ, ಅದೂ ಬೆನ್ನಿನ 5 ಪೆಟ್ಟಿನ ನಂತರ. ತುಂಬು ಗರ್ಭಿಣಿಗೆ ಹೊಟ್ಟೆಯ ಬದಲು ಎದೆ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ. ತೆರೆಯ ಮೊದಲ ಪ್ರಶ್ನೆಯೇ ‘ವಯಸ್ಸು ಒಂದು ವರ್ಷಕ್ಕಿಂತ ಕಡಿಮೆಯೇ?’ ಎಂದಿರಲಿ.

108ಕ್ಕೆ ಕರೆ ಹೋದ ಮೇಲೆ

ಇಲ್ಲಿ ಸದ್ದಿನ ಜಗಳ ಶುರುವಾಗುತ್ತದೆ. ತಾಳದ ಟಕ್ ಟಕ್ ನಡೆಯುತ್ತಿರುವಾಗ ಅದೇ ಫೋನಿನಿಂದ ಕರೆ ಹೋದರೆ ಹೆಚ್ಚಿನ ಫೋನ್‌ಗಳು ಆ್ಯಪ್‌ನ ಸದ್ದನ್ನು ತಗ್ಗಿಸುತ್ತವೆ ಅಥವಾ ನಿಲ್ಲಿಸುತ್ತವೆ. ಅದು ಸರಿಯೂ ಹೌದು, ಆ ಕಡೆಯವರ ಮಾತೇ ಮುಖ್ಯ. ಕರೆ ಇರುವಷ್ಟು ಹೊತ್ತು ತಾಳವನ್ನು ತೆರೆಯ ಮಿನುಗಿಗೂ ಕಂಪನಕ್ಕೂ ಬದಲಾಯಿಸಿ, ಮುಗಿದ ಕೂಡಲೇ ಸದ್ದು ಮರಳಲಿ. ಇನ್ನೊಬ್ಬರ ಫೋನಿನಿಂದ ಕರೆ ಮಾಡಿಸುವುದು ಇದಕ್ಕಿಂತ ಒಳ್ಳೆಯದು. ಇನ್ನೂ ಒಂದು ಪಜೀತಿ: ಜೇಬಿನಲ್ಲಿರುವ ಬ್ಲೂಟೂತ್ ಇಯರ್‌ಬಡ್‌ಗೆ ಸದ್ದು ಹೋಗಿ ಹೊರಗೆ ಏನೂ ಕೇಳಿಸದಿರುವುದು. ತುರ್ತು ಭಾಗ ತೆರೆದ ಕೂಡಲೇ ಸದ್ದು ಫೋನಿನ ಸ್ಪೀಕರ್‌ಗೇ ಬರುವಂತೆ, ವಾಲ್ಯೂಮ್ ಪೂರ್ತಿ ಏರುವಂತೆ, ತೆರೆ ಆರದಂತೆ ಬರೆಯಿರಿ. ತಾಳವನ್ನು ಟೈಮರ್‌ನಿಂದ ಒಂದೊಂದಾಗಿ ಬಾರಿಸಿದರೆ ಅಗ್ಗದ ಫೋನಿನಲ್ಲಿ ಎಡವುತ್ತದೆ. ಎರಡು ನಿಮಿಷದ ಪೂರ್ತಿ ತಾಳವನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಹಾಡಿನಂತೆ ನುಡಿಸುವುದೇ ಸರಿ. 24 ಕಿಲೋಬಿಟ್ ದರದಲ್ಲಿ ಅದು 360 ಕೆಬಿ. ಇಡೀ ಆ್ಯಪ್‌ಗೆ ಒಂದು ಗಂಟೆಯ ಧ್ವನಿ ಎಂದರೂ 11 ಎಂಬಿ ದಾಟದು. ಯಂತ್ರದ ದನಿಯನ್ನು ನೆಚ್ಚಬೇಡಿ. ಎಷ್ಟೋ ಫೋನ್‌ಗಳಲ್ಲಿ ಕನ್ನಡದ ಧ್ವನಿ ನೆಟ್ ಇಲ್ಲದೆ ಬರುವುದೇ ಇಲ್ಲ.

ಆಮೇಲೆ ವಿಳಾಸ. ಬೆಂಗಳೂರಿನಲ್ಲಿ ‘5ನೇ ಕ್ರಾಸ್, 3ನೇ ಮೇನ್’ ಇಲ್ಲದ ಬಡಾವಣೆ ಯಾವುದಿದೆ? ಜಿಪಿಎಸ್ ಕೊಡುವ ಅಕ್ಷಾಂಶ ರೇಖಾಂಶವನ್ನು ಫೋನಿನಲ್ಲಿ ಓದಿ ಹೇಳುವುದು ಆಗದ ಮಾತು. ಆ್ಯಪ್ ದೊಡ್ಡಕ್ಷರದಲ್ಲಿ ಮೊದಲು ಬಡಾವಣೆ ಮತ್ತು ಹಂತ, ನಂತರ ಕ್ರಾಸ್, ಕೊನೆಗೆ ಹತ್ತಿರದ ಗುರುತನ್ನು ತೋರಿಸಬೇಕು: ಗುಡಿ, ಪೆಟ್ರೋಲ್ ಬಂಕ್, ಮೆಟ್ರೊ ನಿಲ್ದಾಣ. ಮೆಟ್ರೊ ಹಾದಿಯ ರಸ್ತೆಯಲ್ಲಿ ಕಂಬದ ನಂಬರ್‌ಗಿಂತ ಒಳ್ಳೆಯ ಗುರುತಿಲ್ಲ, ‘ಪಕ್ಕದ ಪಿಲ್ಲರ್ ನಂಬರ್ ನೋಡಿ ಹೇಳಿ’ ಎಂದು ಆ್ಯಪೇ ನೆನಪಿಸಲಿ. ಮನೆ ಮತ್ತು ಕೆಲಸದ ಜಾಗಕ್ಕಂತೂ ಕಲಿಕೆಯ ದಿನವೇ ‘ಆಂಬುಲೆನ್ಸ್ ಡ್ರೈವರ್‌ಗೆ ದಾರಿ ಹೇಳುವ ಮೂರು ಸಾಲು’ ಬರೆಸಿಟ್ಟುಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ನಾಲ್ಕನೆಯದೊಂದು ಸಾಲು: ಸೆಕ್ಯುರಿಟಿಯವರು ಗೇಟ್ ತೆಗೆದು ಲಿಫ್ಟ್ ಹಿಡಿದಿರಲಿ. ಕರೆಂಟ್ ಶಾಕ್ ಪುಟದಲ್ಲಿ 108ರ ಜೊತೆ ಬೆಸ್ಕಾಂನ 1912 ಕೂಡ ಇರಬೇಕು. ಮೇನ್ ಸ್ವಿಚ್ ಆರಿಸುವ ತನಕ, ಹರಿದ ತಂತಿಗೆ ವಿದ್ಯುತ್ ನಿಲ್ಲುವ ತನಕ ಮುಟ್ಟುವಂತಿಲ್ಲ.

ಎಇಡಿ, ಅಂದರೆ ಹೃದಯ ನಿಂತವರ ಎದೆಗೆ ವಿದ್ಯುತ್ ಆಘಾತ ಕೊಡುವ ಯಂತ್ರಗಳ ನಕ್ಷೆ ಹಾಕುವ ಆಸೆ ಒಳ್ಳೆಯದೇ. ಆದರೆ ಅವುಗಳ ಪ್ಯಾಡ್‌ಗೂ ಬ್ಯಾಟರಿಗೂ ಅವಧಿ ಇದೆ, ಯಂತ್ರವನ್ನು ಕೋಣೆಯಲ್ಲಿಟ್ಟು ಬೀಗ ಹಾಕುವವರೂ ಇದ್ದಾರೆ. ಕೊನೆಯದಾಗಿ ಯಾರು, ಯಾವಾಗ ನೋಡಿದರು ಎಂಬ ದಿನಾಂಕ ಇಲ್ಲದ ಯಂತ್ರವನ್ನು ನಕ್ಷೆಯಲ್ಲಿ ತೋರಿಸಬೇಡಿ. ಇಲ್ಲದ ಯಂತ್ರಕ್ಕಾಗಿ ಓಡಿದ ಎರಡು ನಿಮಿಷ ವಾಪಸ್ ಬರುವುದಿಲ್ಲ.

ಸಣ್ಣದಾಗಿ ಕಂಡು ದೊಡ್ಡದಾಗಿ ಕಾಡುವವು

ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದರೆ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ಮುಖ್ಯ ಗುಂಡಿಯ ಮೇಲಿನ ‘ಒತ್ತಿ’ಯೇ ‘ಒತಿ’ ಆಗಿ ಕೂತಿರುತ್ತದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ, ಫೋನಿನಲ್ಲಿ ಅಕ್ಷರದ ಗಾತ್ರ ಗರಿಷ್ಠಕ್ಕೆ ಏರಿಸಿ ನೋಡಿ. ಆಂಡ್ರಾಯ್ಡ್‌ನಲ್ಲಿ ಗುಂಡಿಗೆ ಕನಿಷ್ಠ 48 ಡಿಪಿ (ತೆರೆಯ ಮೇಲಿನ ಗಾತ್ರ ಅಳೆಯುವ ಮಾನ) ಎನ್ನುತ್ತಾರೆ, ಅದು ಸುಮಾರು 7.6 ಮಿಲಿಮೀಟರ್. ನಡುಗುವ, ಒದ್ದೆಯಾದ ಬೆರಳಿಗೆ ಅದು ಸಾಲದು, 80 ಡಿಪಿ ಇರಲಿ. ತೆರೆಯ ಮೇಲೆ ನೀರೋ ರಕ್ತವೋ ಬಿದ್ದರೆ ಸ್ಪರ್ಶ ಎಲ್ಲೆಲ್ಲೋ ದಾಖಲಾಗುತ್ತದೆ, ಹಾಗಾಗಿ ‘ಮುಂದೆ’ ಗುಂಡಿಯ ಪಕ್ಕ ‘ಮುಚ್ಚು’ ಗುಂಡಿ ಇಡಬೇಡಿ.

ಆ್ಯಪ್‌ನ ಐಕಾನ್‌ಗೆ ಬಿಳಿಯ ಮೇಲೆ ಕೆಂಪು ಶಿಲುಬೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಅದು ರೆಡ್ ಕ್ರಾಸ್ ಲಾಂಛನ, ಅನುಮತಿಯಿಲ್ಲದೆ ಬಳಸುವುದನ್ನು ಭಾರತದ 1960ರ ಜಿನೀವಾ ಒಡಂಬಡಿಕೆಗಳ ಕಾಯ್ದೆ ನಿಷೇಧಿಸಿದೆ. ಹಸಿರಿನ ಮೇಲೆ ಬಿಳಿ ಗುರುತು ಬಳಸಿ.

ಪೊಲೀಸು, ಕೋರ್ಟು ಎಂಬ ಅಂಜಿಕೆ ಇನ್ನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ರಕ್ತ ಸೋರುವುದರ ಪಾಠದಲ್ಲಿ ಎರಡೇ ಸಾಲಿನಲ್ಲಿ ಇದನ್ನು ಹೇಳಿದರೆ ಸಾಕು. ಬಳಸುವವರ ಸ್ಥಳದ ಮಾಹಿತಿ ಫೋನ್ ಬಿಟ್ಟು ಹೊರಗೆ ಹೋಗಬೇಕಾದ ಅಗತ್ಯವೇ ಇಲ್ಲ. ಹೋಗದಿದ್ದರೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಎಷ್ಟೋ ತಲೆನೋವು ತಾನಾಗಿ ತಪ್ಪುತ್ತದೆ.

ಪುನಶ್ಚೇತನದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸುಮಾರು ಐದು ವರ್ಷಕ್ಕೊಮ್ಮೆ ದೊಡ್ಡದಾಗಿ ಪರಿಷ್ಕಾರವಾಗುತ್ತವೆ: 2010, 2015, 2020, 2025. ಪಾಠವನ್ನು ಕೋಡಿನಿಂದ ಬೇರೆ ಕಡತದಲ್ಲಿಡಿ, ಪ್ರತಿ ಪುಟದ ಅಡಿಯಲ್ಲಿ ವೈದ್ಯರು ಪರಿಶೀಲಿಸಿದ ದಿನಾಂಕ ಇರಲಿ.

ಕಲಿತದ್ದು ಕೈಯಿಂದ ಜಾರುತ್ತದೆ, ಎದೆ ಒತ್ತುವ ಕೌಶಲ ಮೂರರಿಂದ ಆರು ತಿಂಗಳಲ್ಲೇ ಮಾಸತೊಡಗುತ್ತದೆ. ಒಂದೇ ದಿನ ಎರಡು ಗಂಟೆ ಕೂರಿಸುವ ಬದಲು 1, 3, 7, 30, 90ನೇ ದಿನಗಳಲ್ಲಿ ಎರಡೆರಡು ನಿಮಿಷದ ಅಭ್ಯಾಸ ಕೊಡಿ. ನೋಟಿಫಿಕೇಶನ್ ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತವರು ಅದನ್ನು ಒರೆಸಿ ಎಸೆಯುತ್ತಾರೆ. ರಾತ್ರಿ ಊಟದ ನಂತರ ಬರಲಿ, ದಿಂಬೂ ಹತ್ತಿರದಲ್ಲೇ ಇರುತ್ತದೆ.

ಪರೀಕ್ಷೆ

ಪ್ರಶ್ನೋತ್ತರದ ಅಂಕ ನೋಡಿ ಸಂತೋಷಪಡಬೇಡಿ, ‘ನಿಮಿಷಕ್ಕೆ ಎಷ್ಟು ಸಲ?’ ಎಂಬುದಕ್ಕೆ ಸರಿ ಉತ್ತರ ಕೊಟ್ಟ ಕೈ 80ಕ್ಕೆ ಒತ್ತುತ್ತಿರುತ್ತದೆ. ಆಫೀಸಿನ ಸಹೋದ್ಯೋಗಿಗಳ ಮೇಲೆ ಪರೀಕ್ಷೆ ಮಾಡಿದರೂ ಪ್ರಯೋಜನವಿಲ್ಲ, ಅವರಿಗೆ ಆ್ಯಪ್‌ಗಳ ಚಾಳಿ ಮೊದಲೇ ಗೊತ್ತು. ಆಟೊ ಸ್ಟ್ಯಾಂಡಿನವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಪಿಜಿ ನಡೆಸುವ ಅಕ್ಕ, ದರ್ಶಿನಿಯ ಕೌಂಟರಿನಲ್ಲಿ ಕೂರುವವರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಓದು ನಿಧಾನವಿರುವ ಅಜ್ಜಿ. ಇಪ್ಪತ್ತು ಜನ ಸಿಕ್ಕರೆ ದೊಡ್ಡ ದೋಷಗಳೆಲ್ಲ ಹೊರಬೀಳುತ್ತವೆ. ಬೊಂಬೆಯನ್ನು ನೆಲದ ಮೇಲಿಡಿ. ಫೋನ್ ಅಗ್ಗದ್ದಿರಲಿ, ತೆರೆ ಒಡೆದಿರಲಿ, ಚಾರ್ಜ್ 15ರ ಆಸುಪಾಸಿನಲ್ಲಿರಲಿ, ನೆಟ್ ಬಂದ್ ಇರಲಿ. ಪಕ್ಕದಲ್ಲಿ ಇನ್ನೊಂದು ಫೋನಿನಿಂದ ಬಸ್ ನಿಲ್ದಾಣದ ಗದ್ದಲ ಕೇಳಿಸಿ. ‘ಇವರು ಬಿದ್ದಿದ್ದಾರೆ’ ಎಂದಷ್ಟೇ ಹೇಳಿ ಫೋನ್ ಕೈಗೆ ಕೊಟ್ಟು ಸ್ಟಾಪ್‌ವಾಚ್ ಒತ್ತಿ, ಬಾಯಿ ಮುಚ್ಚಿಕೊಂಡಿರಿ.

ಮೊದಲ ಒತ್ತು ಎದೆಯ ಮೇಲೆ ಬೀಳಲು ಎಷ್ಟು ಸೆಕೆಂಡ್ ಆಯಿತು ಎಂಬುದೊಂದನ್ನೇ ಬರೆದುಕೊಳ್ಳಿ. ಅರವತ್ತು ದಾಟಿದರೆ ಅವರ ಬೆರಳು ಎಲ್ಲಿ ತಡೆಯಿತೋ ಆ ತೆರೆಯಿಂದ ಏನನ್ನಾದರೂ ತೆಗೆದುಹಾಕಿ, ಮರುದಿನ ಬೇರೆ ಐದು ಜನರನ್ನು ಕರೆಯಿರಿ.